ಇನ್ಸೂರಿ ರಾಯರ ಬಾಯಿಗೆ ಬಾರದ ಮಾತು

ರಾಯರು ತೀರಿಕೊಂಡರು ಎಂದು ಬರೆಯಲು ಕೈ ಹೋಗುತ್ತಿಲ್ಲ. ದುಃಖವಿದೆ, ನಿಜ. ಆದರೆ ದುಃಖಕ್ಕಿಂತ ದೊಡ್ಡದು ಅವರು ಬೈದಾರೆಂಬ ಹೆದರಿಕೆ. "ಮಾಸ್ತರ, ನಾಕು ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈಲೆ ಇಂಥಾದ್ದು ಬರೀಬಹುದೇನ್ರಿ?" ಎಂದು ಛತ್ರಿಯ ತುದಿಯಿಂದ ಬೆನ್ನಿಗೆ ತಿವಿದಂತಾಗುತ್ತದೆ. ಮೊನ್ನೆ ಹೊಸಪೇಟೆಯಿಂದ ಬಂದಿದ್ದ ಹಳೆಯ ಗೆಳೆಯನಿಗೂ ಇದೇ ಫಜೀತಿ. "ನಮ್ಮ ಇನ್ಸೂರಿ ರಾಯರು..." ಎಂದು ಶುರುಮಾಡಿದ, ಮುಂದೆ ಯಾವ ಕ್ರಿಯಾಪದ ಹಾಕಬೇಕೋ ತಿಳಿಯದೆ ಮೇಲೆ ನೋಡಿ ಕೈಮುಗಿದ. ನನಗೆ ಅರ್ಥವಾಯಿತು. ಆಮೇಲೆ ಮೊದಲು ನಕ್ಕವನು ಅವನೋ ನಾನೋ ನೆನಪಿಲ್ಲ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು.

ಮದ್ರಾಸ್ ಸರ್ಕಾರದ ಕಾಲ. ನಾನು ಹೊಸಪೇಟೆಯ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಚಿತ್ತವಾಡ್ಗಿಯಲ್ಲಿ ನಮ್ಮ ಮನೆಗೂ ರಾಯರ ಮನೆಗೂ ನಡುವೆ ಒಂದೇ ಗೋಡೆ. ಅವರು ಮದ್ರಾಸಿನ ಒಂದು ಜೀವವಿಮೆ ಕಂಪನಿಯ ಏಜೆಂಟರು. ಇನ್ಶೂರೆನ್ಸ್ ಎಂಬ ಮಾತು ನಮ್ಮೂರಿನ ಬಾಯಲ್ಲಿ ಸವೆದು ಇನ್ಸೂರಿ ಆಗಿತ್ತು, ಅವರು ಇನ್ಸೂರಿ ರಾಯರಾಗಿದ್ದರು. ಕಚ್ಚೆ ಪಂಚೆ, ಮೊಣಕಾಲು ಮುಟ್ಟುವ ಕರಿ ಕೋಟು, ರುಮಾಲು, ಹಣೆಗೆ ಅಂಗಾರ ಅಕ್ಷತೆ, ಕಣ್ಣಿಗೆ ಕನ್ನಡಕ, ಕೊರಳಿಗೆ ತುಳಸಿಮಣಿ, ಕಂಕುಳಲ್ಲಿ ಛತ್ರಿ. ಕಂಪ್ಲಿ, ಕಮಲಾಪುರ, ಸಂಡೂರು ಎಂದು ಸಿಕ್ಕ ಗಾಡಿ ಹತ್ತಿ, ಗಾಡಿ ಸಿಗದಿದ್ದರೆ ನಡೆದು, ಜನರ ಮುಪ್ಪಿನ ಚಿಂತೆಯನ್ನು ಜನರಿಗಿಂತ ಮೊದಲು ತಾವೇ ಮಾಡುತ್ತಾ ತಿರುಗುತ್ತಿದ್ದರು.

ದೇವರು ಅವರ ಜೊತೆ ಒಂದು ತಮಾಷೆ ಮಾಡಿದ್ದ. ಸಾವಿನ ಮಾತೆತ್ತದೆ ಜೀವವಿಮೆ ಮಾರುವುದು ಹೇಗೆ? ರಾಯರು ಸತ್ತರೂ ಆ ಮಾತು ಆಡುವವರಲ್ಲ. ಸಾವು ಹಾಗಿರಲಿ, ಮನೆಯ ಸಾಮಾನು "ಇಲ್ಲ" ಎಂದೂ ಅನ್ನುತ್ತಿರಲಿಲ್ಲ. ಅವರ ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನುವಂತಿಲ್ಲ, ಹೆಚ್ಚಾಯಿತು ಎನ್ನಬೇಕು. ಬಳೆ ಒಡೆದರೆ ಹೆಚ್ಚಿತು, ದೀಪ ಆರಿದರೆ ದೊಡ್ಡದಾಯಿತು. ಎಷ್ಟೋ ಮನೆಗಳಲ್ಲಿ ಇರುವ ಪದ್ಧತಿಯೇ ಇದು. ಆದರೆ ಉಳಿದವರು ಇದನ್ನು ಅಡುಗೆಮನೆಯ ಹೊಸ್ತಿಲ ಒಳಗೆ ಇಟ್ಟುಕೊಂಡರೆ, ರಾಯರು ಕೋಟಿನ ಜೇಬಿನಲ್ಲಿ ಹಾಕಿಕೊಂಡು ಊರೂರು ಹೊತ್ತರು.

ನಾನು ಹರಪನಹಳ್ಳಿ ಕಡೆಯವನು, ನಮ್ಮ ಮನೆಯಲ್ಲಿ ಈ ಬಗೆಯ ಮಡಿಮಾತು ಇರಲಿಲ್ಲ. ಹೊಸದಾಗಿ ಬಾಡಿಗೆಗೆ ಬಂದ ವಾರ ರಾಯರು ಕಾಫಿಗೆ ಕರೆದರು. ಒಳಗಿನಿಂದ ಅವರ ಹೆಂಡತಿ, "ಸಕ್ರಿ ಹೆಚ್ಚಾಗೇದ" ಎಂದರು. ನಾನು ಸಂಕೋಚ ಬಿಟ್ಟು, "ಹಂಗಾದ್ರ ನನಗ ಎರಡು ಚಮಚ ಹೆಚ್ಚಿಗೀನ ಹಾಕ್ರಿ" ಎಂದೆ. ಒಳಗೆ ಪಾತ್ರೆ ಸದ್ದು ನಿಂತುಹೋಯಿತು. ರಾಯರು ಛತ್ರಿ ತೆಗೆದುಕೊಂಡು ಹಿತ್ತಲ ಬಾಗಿಲಿನಿಂದ ಅಂಗಡಿಗೆ ಓಡಿದರು. ನಾನು ಎರಡು ಚಮಚ ಹೆಚ್ಚಿಗೆ ಸಕ್ಕರೆಯ ಕಾಫಿ ಕುಡಿದು ಹರಸಿ ಬಂದೆ. ವಿಷಯ ತಿಳಿದದ್ದು ನನ್ನ ಹೆಂಡತಿ ಹಣೆ ಚಚ್ಚಿಕೊಂಡಾಗ.

"ಯಾಕ್ರೀ ರಾಯರ ಇಷ್ಟು ಹೆದರಿಕಿ?" ಎಂದು ಒಮ್ಮೆ ಕೇಳಿದೆ.

"ಹೆದರಿಕಿ ಅಲ್ರಿ ಮಾಸ್ತರ, ಲೆಕ್ಕಾಚಾರ. ಅಸ್ತು ದೇವತೆಗಳು ಗಾಳ್ಯಾಗ ಓಡಾಡ್ತಿರ್ತಾರ. ನಾವು ಏನಂದ್ರೂ ಅಸ್ತು ಅಂತಾರ. ನಾ ಹ್ವಾದ ಮನ್ಯಾಗೆಲ್ಲ ಆ ಕೆಟ್ಟ ಮಾತು ಆಡೂದು, ಅವರು ಅಸ್ತು ಅನ್ನೂದು. ಕಂಪನಿ ಉಳೀತದೇನ್ರಿ?"

ಹೀಗಾಗಿ ಅವರು ವಿಮೆಯನ್ನು ಅರ್ಧವೇ ಮಾರುತ್ತಿದ್ದರು. ವರ್ಷಾವರ್ಷ ಕಂತು ಕಟ್ಟಿ, ಇಪ್ಪತ್ತು ವರ್ಷ ಆದ ಮೇಲೆ ಮೊತ್ತ ಕೈಗೆ ಬರುತ್ತದೆ ಎನ್ನುವ ತನಕ ಹೊಳೆಯಂತೆ ಹರಿಯುತ್ತಿದ್ದರು. ನಡುವೆ ಆಸಾಮಿ ಸತ್ತರೆ ಹೆಂಡತಿ ಮಕ್ಕಳಿಗೆ ಅದೇ ಮೊತ್ತ ಸಿಗುತ್ತದೆ ಎಂಬ ಇನ್ನರ್ಧಕ್ಕೆ ಬಂದಾಗ, "ಆಮ್ಯಾಲೆ ಅಕಸ್ಮಾತ್ ನಡುವ..." ಎಂದು ನಿಲ್ಲಿಸಿ, ಛತ್ರಿಯನ್ನು ಬಲದಿಂದ ಎಡಕ್ಕೆ ಬದಲಾಯಿಸಿ, ಎರಡು ಸಲ ಕೆಮ್ಮಿ, "ಹಂಗಾದ್ರೂ ಕೊಡ್ತಾರ!" ಎಂದು ಮುಗಿಸುತ್ತಿದ್ದರು. ಇದರಿಂದ ಕಂಪ್ಲಿಯ ಅರ್ಧ ಊರು ಕೆಮ್ಮಿಗೂ ದುಡ್ಡು ಬರುತ್ತದೆ ಎಂದು ನಂಬಿತ್ತು. ಮಳೆಗಾಲ ಮುಗಿದು ಚಳಿ ಬಿದ್ದೊಡನೆ ರಾಯರು ಕಂಪ್ಲಿಗೆ ಹೋದರೆ ಪೇಟೆಯ ಎರಡೂ ಕಡೆಯಿಂದ ಜನ ಅವರನ್ನು ನೋಡಿ ಕೆಮ್ಮುತ್ತಿದ್ದರು.

ಅವರು ಒಳ್ಳೆಯ ಮಾತುಗಾರರಲ್ಲ ಎಂದುಕೊಳ್ಳಬೇಡಿ. ಬದುಕುವ ಅರ್ಧವನ್ನು ಅವರಷ್ಟು ಚೆನ್ನಾಗಿ ಹೇಳುವವರನ್ನು ನಾನು ಕಾಣೆ. ನನಗೆ ಮದುವೆಯಾದ ಹೊಸತರಲ್ಲಿ, ಸಂಬಳದ ದಿನವೇ ಕಟ್ಟೆಯ ಮೇಲೆ ಬಂದು ಕುಂತರು.

"ಮಾಸ್ತರ, ನಿಮ್ಮ ಮನಿಗೆ ಒಬ್ಬ ಮುದುಕ ಬರ್ಲಿಕ್ಕೆ ಹತ್ಯಾನ್ರಿ. ದೂರದ ಹಾದಿ, ನಿಧಾನಕ ನಡಕೋತ ಬರ್ತಾನ. ಹಲ್ಲಿಲ್ಲ, ಕಣ್ಣು ಮಂದ, ನೌಕರಿ ಹೋಗೇದ. ಬಂದವ ನಿಮ್ಮ ಮನಿ ಬಿಟ್ಟು ಹೋಗೂದಿಲ್ಲ. ಅವನ ಊಟಕ್ಕ ಏನು ತಗದಿಟ್ಟೀರಿ?"

ನನ್ನ ಹೆಂಡತಿ ಒಳಗಿನಿಂದ ಬಂದು, "ಯಾರ್ರೀ ಅದು ಮುದುಕ? ನಿಮ್ಮ ಕಡೆಯವನೋ ನಮ್ಮ ಕಡೆಯವನೋ? ಮೊದ್ಲ ಹೇಳಬಾರದಾ?" ಎಂದು ನನ್ನ ಮೇಲೆ ಏರಿಬಂದಳು. ಆ ಮುದುಕ ನಾನೇ ಎಂದು ಅವಳಿಗೆ ತಿಳಿಹೇಳುವಷ್ಟರಲ್ಲಿ ರಾಯರು ಸಹಿ ಹಾಕಿಸಿಕೊಂಡಿದ್ದರು. ಇಂದು ಆ ಮುದುಕ ಬಂದು ನನ್ನ ಕುರ್ಚಿಯಲ್ಲೇ ಕೂತಿದ್ದಾನೆ, ಅವನ ಊಟಕ್ಕೆ ತೊಂದರೆಯಿಲ್ಲ. ರಾಯರಿಗೆ ನಾನು ಋಣಿ ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ನಗುವ ಭರದಲ್ಲಿ ಮರೆತರೆ ಕಷ್ಟ.

ಅವರಿಗೆ ಬಗ್ಗದ ಗಿರಾಕಿಯೆಂದರೆ ಕಮಲಾಪುರದ ಒಬ್ಬ ಗೌಡ. ಹಂಪಿಯ ಬಂಡೆಗಳ ನಡುವೆ ಎಲ್ಲೋ ನಿಕ್ಷೇಪವಿದೆ, ತನ್ನ ಮುಪ್ಪಿಗೆ ಅದೇ ಆಧಾರ ಎಂದು ಆತ ಗಟ್ಟಿಯಾಗಿ ನಂಬಿದ್ದ. "ನನಗ ಇನ್ಸೂರಿ ಯಾಕ ಬೇಕ್ರಿ? ಹಿಂದಕಿನ ರಾಯರು ನನ್ನ ಹೆಸರಿಗೆ ಹೂಳಿ ಹೋಗ್ಯಾರ" ಎಂದ. ನಮ್ಮ ರಾಯರು ಸಿಟ್ಟಾಗಲಿಲ್ಲ. "ಗೌಡ್ರ, ಆ ರಾಯರು ಎಲ್ಲಿ ಹೂಳ್ಯಾರಂತ ಹೇಳಿಲ್ಲ. ಈ ರಾಯರು ಕೊಟ್ಟಿದ್ದಕ್ಕ ರಸೀದಿ ಕೊಡ್ತಾರ" ಎಂದರು. ಗೌಡ ಪಾಲಿಸಿ ತೆಗೆದುಕೊಂಡ. ಗುದ್ದಲಿಯನ್ನೂ ಬಿಡಲಿಲ್ಲ.

ಕಂಪನಿಯ ಅರ್ಜಿಯಲ್ಲಿ, ನಿಮ್ಮ ತಂದೆ ಬದುಕಿದ್ದಾರೆಯೇ, ಇಲ್ಲದಿದ್ದರೆ ಯಾವ ವಯಸ್ಸಿನಲ್ಲಿ ಏನಾಯಿತು ಎಂದು ಕೇಳುವ ಜಾಗವಿತ್ತು. ರಾಯರು ಅಲ್ಲಿ ಇಂಗ್ಲಿಷಿನಲ್ಲಿ, "ಅರವತ್ತಕ್ಕೆ ಹೆಚ್ಚಾದರು" ಎಂಬ ಅರ್ಥ ಬರುವಂತೆ ಬರೆದು ಕಳಿಸುತ್ತಿದ್ದರು. ಮದ್ರಾಸಿನಿಂದ "ಏನು ಹೆಚ್ಚಾದರು?" ಎಂದು ವಾಪಸ್ ಬರುತ್ತಿತ್ತು. ಕೊನೆಗೆ ಆ ಒಂದು ಸಾಲು ತುಂಬುವ ಕೆಲಸ ನನಗೆ ಬಿತ್ತು. ನಾನು ಬರೆಯುವಾಗ ರಾಯರು ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು.

ಇದೆಲ್ಲ ನಗುವ ಮಾತಾಯಿತು. ನಗು ಬಾರದ ಒಂದು ಸಂಗತಿಯನ್ನೂ ಹೇಳಬೇಕು.

ಕಂಪ್ಲಿಯಲ್ಲಿ ಒಬ್ಬ ಬಾಳೆಕಾಯಿ ವ್ಯಾಪಾರಿ ಇದ್ದ, ರಾಯರ ಹತ್ತಿರ ಪಾಲಿಸಿ ಮಾಡಿಸಿದ್ದ. ಹೊಳೆದಂಡೆಯ ಒಂದು ಬಾಳೆತೋಟವನ್ನು ಗುತ್ತಿಗೆಗೆ ಹಿಡಿದಿದ್ದ. ಹೆಂಡತಿ ಹುಲಿಗೆಮ್ಮ, ಇಬ್ಬರು ಸಣ್ಣ ಹೆಣ್ಣುಮಕ್ಕಳು. ಆತ ಗಾಡಿ ತುಂಬ ಗೊನೆ ಹೇರಿಕೊಂಡು ಸಂಡೂರಿಗೆ ಹೋದವನು ಅಲ್ಲಿ ಪೇಟೆಯಲ್ಲಿ ಎದೆ ಹಿಡಿದುಕೊಂಡು ಕುಂತ, ಮತ್ತೆ ಏಳಲಿಲ್ಲ. ಗಣಿಯ ಗುಮಾಸ್ತನೊಬ್ಬನ ಕಂತು ಪಡೆಯಲು ಅದೇ ದಿನ ಸಂಡೂರಿಗೆ ಹೋಗಿದ್ದ ರಾಯರು ಸುದ್ದಿ ಕೇಳಿ ಓಡಿದರು. ಕಂಪ್ಲಿ ಕಡೆ ಹೊರಟ ಗಾಡಿಯವನೊಬ್ಬನ ಕೈಯಲ್ಲಿ ಹುಲಿಗೆಮ್ಮನಿಗೆ ಹೇಳಿ ಕಳಿಸಿದರು. ಏನೆಂದು? "ನಿಮ್ಮ ಯಜಮಾನ್ರದು ಇಲ್ಲಿ ಹೆಚ್ಚಾತು, ಜಲ್ದಿ ಬರ್ರಿ."

ಸಂಡೂರಿನಲ್ಲಿ ವ್ಯಾಪಾರ ಹೆಚ್ಚಾಗಿದೆ ಎಂದು ತಿಳಿದ ಹುಲಿಗೆಮ್ಮ ಇನ್ನೊಂದು ಗಾಡಿ ಗೊನೆ ಕಡಿಸಿ ಹೇರಿಸಿಕೊಂಡು, ಮದುವೆಯ ಸೀರೆ ಉಟ್ಟು, ನಗುತ್ತಾ ಬಂದು ಇಳಿದಳು. ಮುಂದಿನದನ್ನು ರಾಯರು ನನಗೆ ಎಂದೂ ಹೇಳಲಿಲ್ಲ. ಮಣ್ಣು ಮಾಡುವ ತನಕ ಇದ್ದು, ಊರಿಗೆ ಬಂದು ಎರಡು ದಿನ ಉಣ್ಣಲಿಲ್ಲ. ನನಗೆ ಅವರ ಮೇಲೆ ಆಗ ಬಂದಷ್ಟು ಸಿಟ್ಟು ಬೇರೆ ಯಾವಾಗಲೂ ಬಂದಿಲ್ಲ. ಗೋಡೆಯಾಚೆ ಅವರು ನಿದ್ದೆಯಿಲ್ಲದೆ ಓಡಾಡುವ ಸದ್ದು ಕೇಳಿ ಸಿಟ್ಟು ತಾನಾಗಿ ಇಳಿಯಿತು.

ಹುಲಿಗೆಮ್ಮನಿಗೆ ಮುಂದೆ ಎರಡೇ ದಾರಿ. ತೋಟದ ಒಡೆಯ ಅದನ್ನು ಮಾರಲು ಕೂತಿದ್ದ. ವಿಮೆಯ ಹಣ ಬಂದರೆ ಆಕೆಯೇ ಕೊಳ್ಳಬಹುದು. ಬಾರದಿದ್ದರೆ ಮಕ್ಕಳನ್ನು ಕಟ್ಟಿಕೊಂಡು ಅಣ್ಣನ ಮನೆಗೆ ಹೋಗಿ ಅತ್ತಿಗೆಯ ಕೈಕೆಳಗೆ ಮುಸುರೆ ತಿಕ್ಕಬೇಕು. ಕಂಪನಿಯವರು ಒಂದು ತಕರಾರು ತೆಗೆದರು. ಸಂಡೂರು ಬೇರೆ ಸಂಸ್ಥಾನ, ರಾಜರ ಆಳ್ವಿಕೆ. ಅಲ್ಲಿಯ ಕಾಗದವೊಂದೇ ಸಾಲದು, ಕಣ್ಣಾರೆ ಕಂಡ ಏಜೆಂಟರು ನಮ್ಮ ಸರ್ಕಾರದ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣ ಮಾಡಿ, ಇಂಥವರು ಸತ್ತದ್ದು ನಿಜ ಎಂದು ಬಾಯಿಬಿಟ್ಟು ಹೇಳಬೇಕು ಎಂದರು.

"ಬಾಯಿಬಿಟ್ಟು ಅಂತ್ರಿ ಮಾಸ್ತರ" ಎಂದು ರಾಯರು ನನ್ನ ಮುಂದೆ ಕುಸಿದರು. "ನೀವೂ ಬರ್ರಿ ಸಂಗಡ."

ಹೋದೆ. ನೆರೆಯವರೆಂಬ ಪ್ರೀತಿ ಇತ್ತು, ಜೊತೆಗೆ ಸ್ವಾರ್ಥವೂ ಇತ್ತು. ಇವತ್ತು ಹುಲಿಗೆಮ್ಮನ ಗಂಡನ ವಿಷಯ ಹೇಳಲು ಬಾಯಿ ಬಾರದಿದ್ದರೆ ನಾಳೆ ನನ್ನ ಹೆಂಡತಿಯ ಗತಿಯೇನು?

ಮ್ಯಾಜಿಸ್ಟ್ರೇಟರು ತಮಿಳು ಸೀಮೆಯವರು. ಮುನ್ಷಿಯನ್ನು ಇಟ್ಟುಕೊಂಡು ಕನ್ನಡ ಕಲಿತಿದ್ದರು, ಆ ಬಗ್ಗೆ ಅವರಿಗೆ ಹೆಮ್ಮೆಯಿತ್ತು. ಪುಸ್ತಕದ ಕನ್ನಡವನ್ನೇ ಆಡುತ್ತಿದ್ದರು, ಅದನ್ನೇ ಬೇಡುತ್ತಿದ್ದರು. ಬಾಗಿಲ ಹತ್ತಿರ ಹುಲಿಗೆಮ್ಮ ಸೆರಗು ಹೊದ್ದು ಕೂತಿದ್ದಳು. ರಾಯರು ಪ್ರಮಾಣ ಮಾಡಿ ನಿಂತರು.

"ವಿಮೆ ಪಡೆದ ವ್ಯಕ್ತಿಗೆ ಏನಾಯಿತು?"

"ಹೆಚ್ಚಾದ್ರು ಸ್ವಾಮಿ."

ಸಾಹೇಬರು ಲೇಖನಿ ಎತ್ತಿದರು. "ಯಾವುದರಲ್ಲಿ ಹೆಚ್ಚಾದರು? ತೂಕದಲ್ಲಿಯೋ?"

"ಅಲ್ರಿ... ಪೂರ್ತಿ ಹೆಚ್ಚಾದ್ರು. ವೈಕುಂಠವಾಸಿ ಆದ್ರು."

"ವೈಕುಂಠಕ್ಕೆ ಹೋದದ್ದನ್ನು ತಾವು ಕಣ್ಣಾರೆ ಕಂಡಿರಾ?"

ಇಲ್ಲಿ ರಾಯರ ಸತ್ಯನಿಷ್ಠೆ ಅಡ್ಡ ಬಂತು. "ಅದು ಹ್ಯಾಂಗ ಕಾಣಬೇಕ್ರಿ? ಪ್ರಮಾಣ ಮಾಡೀನಿ, ಸುಳ್ಳು ಹೇಳ್ಲಿಕ್ಕೆ ಬರೂದಿಲ್ಲ. ಭಾಳ ಛಲೋ ಮನಷ್ಯಾ, ಖರೆ. ಆದ್ರ ಏಕಾದಶಿ ದಿನ ಉಳ್ಳಾಗಡ್ಡಿ ತಿಂತಿದ್ದ."

"ಹಾಗಾದರೆ ಹೋಗಲಿಲ್ಲವೇ?"

"ಅದು ದೇವರಿಗೇ ಗೊತ್ತು."

"ವ್ಯಕ್ತಿಯು ಹೋದನೋ ಇಲ್ಲವೋ ಸಾಕ್ಷಿಗೆ ತಿಳಿಯದು" ಎಂದು ಸಾಹೇಬರು ಗುಮಾಸ್ತನಿಗೆ ಬರೆಸಿದರು. ಗುಮಾಸ್ತ ತಲೆ ತಗ್ಗಿಸಿ ಭುಜ ಕುಣಿಸುತ್ತಿದ್ದ.

"ಕೊನೆಯ ಬಾರಿ ಕೇಳುತ್ತೇನೆ. ಆ ವ್ಯಕ್ತಿ ಬದುಕಿದ್ದಾನೆಯೇ, ಸತ್ತಿದ್ದಾನೆಯೇ?"

ರಾಯರ ಮುಖ ಅರಳಿತು. "ಮೊದಲನೇದಲ್ಲ ಸ್ವಾಮಿ."

"ಬಾಯಿಬಿಟ್ಟು ಹೇಳಬೇಕು."

"ಎರಡನೇದು."

"ಎರಡನೆಯದು ಎಂದರೆ?"

"ನೀವು ಈಗ ಅಂದ್ರಲ್ಲ, ಅದು. ಭಾಳ ಸ್ಪಷ್ಟ ಅಂದ್ರಿ. ನಾ ಮತ್ತ ಯಾಕ ಅನ್ಲಿ?"

ಸಾಹೇಬರ ತಾಳ್ಮೆ ಹೆಚ್ಚಾಯಿತು; ರಾಯರ ಅರ್ಥದಲ್ಲಿ. ಸಾಕ್ಷಿಯು ಮರಣದ ವಿಷಯ ಹೇಳಲು ಒಪ್ಪುವುದಿಲ್ಲ ಎಂದು ಬರೆದು ಮುಗಿಸಿಬಿಡುವುದಾಗಿ ಹೇಳಿ, ಗುಮಾಸ್ತನಿಗೆ ಸನ್ನೆ ಮಾಡಿದರು. ಅವನು ಶಾಯಿಯಲ್ಲಿ ಲೇಖನಿ ಅದ್ದಿದ.

ಆಗ ಬಾಗಿಲ ಹತ್ತಿರದಿಂದ ಹುಲಿಗೆಮ್ಮ ಎದ್ದು ಬಂದಳು. ಜವಾನ ತಡೆದ, ಆಕೆ ಅವನ ಕೈ ಸರಿಸಿದಳು. ಸಾಹೇಬರ ಕಡೆ ನೋಡಲೇ ಇಲ್ಲ.

"ರಾಯರ, ನನ್ನ ಗಂಡ ಮಣ್ಣಾಗ ಹೋಗ್ಯಾನ. ಊರೆಲ್ಲಾ ನೋಡೈತಿ. ನಾ ಬಳಿ ಒಡಕೊಂಡು ಕುಂತೀನಿ. ನಿಮ್ಮ ಬಾಯಾಗಷ್ಟ ಅವ ಇನ್ನೂ ಬದುಕ್ಯಾನ. ಹಿಂದ ಸೊಂಡೂರಿಗೆ ನನ್ನ ನಗಿಸಿಕೋಂತ ಕರಸಿದ್ರಿ, ನಾ ಏನೂ ಅನಲಿಲ್ಲ. ಈಗ ನನ್ನ ಹುಡುಗ್ಯಾರ ಮುಖ ನೋಡ್ರಿ. ನಿಮ್ಮ ಬಾಯಾಗೂ ಒಂದು ಸಲ ಸಾಯಲಿ ಬಿಡ್ರಿ ಅವ."

ರಾಯರು ಕಣ್ಣು ಮುಚ್ಚಿದರು. ತುಳಸಿಮಣಿ ಹಿಡಿದರು. ತುಟಿ ಅಲುಗಿತು, ಸದ್ದು ಬರಲಿಲ್ಲ. ಇನ್ನೊಮ್ಮೆ ಅಲುಗಿತು. ನಾನು ಅಸ್ತು ದೇವತೆಗಳಿಗೆ, ಈ ಒಂದು ಗಳಿಗೆ ಎಲ್ಲಾದರೂ ಹೋಗಿ ಬನ್ನಿರಪ್ಪಾ ಎಂದು ಕೈಮುಗಿದೆ.

"ಸತ್ರು" ಎಂದರು ರಾಯರು.

ಅಷ್ಟಕ್ಕೆ ಸಾಕಿತ್ತು. ಆದರೆ ಜೀವಮಾನದಲ್ಲಿ ಮೊದಲ ಸಲ ಬಾಯಿಂದ ಹೊರಬಿದ್ದ ಮಾತು, ನಿಲ್ಲಲಿಲ್ಲ. "ಸತ್ರು ಸ್ವಾಮಿ! ಸತ್ತೇ ಹ್ವಾದ್ರು! ನಾನೇ ಮುಟ್ಟಿ ನೋಡೀನಿ. ಪೂರಾ ಸತ್ತಿದ್ರು, ಚೂರೂ ಉಳಿದಿರ್ಲಿಲ್ಲ! ಇನ್ನೇನು ಬೇಕ್ರಿ ನಿಮಗ? ಸತ್ರು, ಸತ್ರು, ಸತ್ರು!" ಎನ್ನುತ್ತಾ ಮೇಜು ಬಡಿದರು. ಸಾಹೇಬರು ಕುರ್ಚಿ ಹಿಂದೆ ಸರಿಸಿ, "ಒಂದು ಬಾರಿ ಸತ್ತರೆ ಸಾಕು, ಒಂದು ಬಾರಿ ಸಾಕು" ಎಂದು ಬರೆಸಿದರು. ಹೊರಗೆ ಬಂದ ರಾಯರು ಯಾರೊಂದಿಗೂ ಮಾತಾಡದೆ ನೆಟ್ಟಗೆ ಕಾಲುವೆಗೆ ಹೋಗಿ ರುಮಾಲು ಕೋಟು ಸಮೇತ ಮುಳುಗಿದರು. ಛತ್ರಿಯನ್ನೂ ಮುಳುಗಿಸಿದರು, ಅದೂ ಕೇಳಿಸಿಕೊಂಡಿತ್ತಲ್ಲ. ನಾನು ದಂಡೆಯಲ್ಲಿ ನಿಂತು ನಗಲೂ ಆಗದೆ ಅಳಲೂ ಆಗದೆ ಅವರ ಕನ್ನಡಕ ಹಿಡಿದುಕೊಂಡಿದ್ದೆ. ಅವರನ್ನು ನಾನು ಎಷ್ಟು ಪ್ರೀತಿಸುತ್ತೇನೆಂದು ತಿಳಿದದ್ದು ಆಗಲೇ.

ಹಣ ಬಂತು. ತೋಟ ಹುಲಿಗೆಮ್ಮನದಾಯಿತು.

ಮರುವರ್ಷ ಒಂದು ಬೆಳಿಗ್ಗೆ ಆಕೆ ದೊಡ್ಡ ಗೊನೆಯೊಂದನ್ನು ಹೊರಿಸಿಕೊಂಡು ಚಿತ್ತವಾಡ್ಗಿಗೆ ಬಂದಳು. ಹಿಂದೆ ಕಂಪ್ಲಿಯ ನಾಲ್ಕೈದು ಹೆಂಗಸರು. ರಾಯರೂ ನಾನೂ ಕಟ್ಟೆಯ ಮೇಲಿದ್ದೆವು.

"ರಾಯರ, ನನಗೊಂದು ಇನ್ಸೂರಿ ಮಾಡ್ರಿ. ಇವರಿಗೂ ಬೇಕಂತ."

ಹೆಂಗಸರಿಗೆ ಪಾಲಿಸಿ ಕೊಡಲು ಕಂಪನಿ ಹಿಂದೆಮುಂದೆ ನೋಡುತ್ತದೆ ಎಂದರು ರಾಯರು. ನೋಡಲಿ, ಆಮೇಲೆ ಕೊಡಲಿ ಎಂದಳು ಹುಲಿಗೆಮ್ಮ. ರಾಯರು ಗಂಟಲು ಸರಿಮಾಡಿಕೊಂಡು, "ತಾಯಿ, ಇಪ್ಪತ್ತು ವರ್ಷ ಸುಖವಾಗಿ ಬಾಳಿದ ಮ್ಯಾಲೆ..." ಎಂದು ಶುರುಮಾಡಿದರು.

"ಅದು ಇರ್ಲಿ ಬಿಡ್ರಿ. ಬಾಳಿದ್ರ ತ್ವಾಟ ಐತಿ, ತಿಂತೀನಿ. ನಾಳೆ ನಾ ಸತ್ರ ಹುಡುಗ್ಯಾರಿಗೆ ಏನು ಬರ್ತೈತಿ? ಅದನ್ನ ಹೇಳ್ರಿ. ಇವರಿಗೂ ಅದ ಕೇಳಬೇಕಾಗೈತಿ."

ರಾಯರ ಕೈ ಛತ್ರಿಗೆ ಹೋಯಿತು. ಕೆಮ್ಮು ಗಂಟಲ ತನಕ ಬಂತು. ಹಿಂದೆ ನಿಂತ ಹೆಂಗಸರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ರಾಯರು ಛತ್ರಿ ಬಿಟ್ಟು, ಒಳಗೆ ಹೆಂಡತಿಯನ್ನು ಕೂಗಿ, "ಸ್ವಲ್ಪ ಹತ್ತಿ ತಗೊಂಡು ಬಾ" ಎಂದರು. ಬತ್ತಿಗೆ ಇಟ್ಟಿದ್ದ ಹತ್ತಿ ಬಂತು. ಎರಡು ಉಂಡೆ ಮಾಡಿ, ತಮ್ಮ ಮಾತು ತಮಗೇ ಕೇಳಿಸದಂತೆ ಎರಡೂ ಕಿವಿಗೆ ತುರುಕಿಕೊಂಡರು. ಆಮೇಲೆ ಬಾಯಿ ತೆರೆದರು. ಕಿವಿ ಮುಚ್ಚಿದ್ದರಿಂದ ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆಂದು ಅವರಿಗೆ ತಿಳಿಯಲಿಲ್ಲ.

"ತಾಯಿ! ನೀವು ಸತ್ರ!"

ಬೀದಿಯ ಬಾಗಿಲುಗಳೆಲ್ಲ ತೆರೆದವು. ಎದುರು ಮನೆಯಾಕೆ ಕಸಬರಿಗೆ ಹಿಡಿದುಕೊಂಡೇ ಹೊರಗೆ ಓಡಿಬಂದಳು. ಹುಲಿಗೆಮ್ಮ ಕಟ್ಟೆಯ ಮೇಲೆ ರಾಯರ ಎದುರು ಚಕ್ಕಳಮಕ್ಕಳ ಹಾಕಿ ಕುಂತು, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿದಳು:

"ಹಾಂ! ಸತ್ರ? ಮುಂದ ಹೇಳ್ರಿ!"